ಊಟದ ಕೈ

ಮಗಳು ಚಮಚವನ್ನು ಬಲಗೈಯಲ್ಲಿ ಹಿಡಿದಿದ್ದಳು. ಅದು ಅಮ್ಮನ ಕಣ್ಣಿಗೆ ಬಿದ್ದರೂ ಯಾಕೆಂಬುದು ಮನಸ್ಸಿಗೆ ಬೀಳಲಿಲ್ಲ. ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಒಲೆಯ ಮೇಲಿನ ಹಾಲಿನ ಮೇಲೆ ಇಟ್ಟು ಅವಳು ಮಗಳ ಊಟದ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು. ಮುಚ್ಚಳದ ಒಂದು ಮೂಲೆ ಕೂತರೆ ಇನ್ನೊಂದು ಏಳುತ್ತಿತ್ತು. ಗಂಜಿಯ ಚಮಚ ಬಟ್ಟಲು ಬಿಟ್ಟು ಬಾಯಿ ಸೇರುವ ದಾರಿಯಲ್ಲಿ ಎರಡು ಸಲ ಓಲಾಡಿತು. ಅರ್ಧ ಮೇಜಿನ ಮೇಲೆ ಚೆಲ್ಲಿತು, ಇನ್ನಷ್ಟು ಯೂನಿಫಾರ್ಮಿನ ಕಾಲರಿನ ಮೇಲೆ ಬಿತ್ತು. ಒಂಬತ್ತು ವರ್ಷದ ಹುಡುಗಿ, ಎರಡು ವರ್ಷದ ಕೂಸಿನ ಹಾಗೆ.

"ನೆಟ್ಟಗೆ ತಿನ್ನೇ. ಇನ್ನೊಂದು ಶರ್ಟು ಒಣಗಿಲ್ಲ."

"ತಿಂತಿದೀನಲ್ಲ."

"ಆ ಕೈ ನೋಯ್ತಿದೆಯಾ? ನಿನ್ನೆ ಬಿದ್ದದ್ದಕ್ಕೆ?"

"ಇಲ್ಲ. ಮೊಣಕಾಲು ಮಾತ್ರ."

"ಮತ್ತೆ ಎಡಗೈ ಬಿಟ್ಟು ಇದೇನು ಹೊಸ ಆಟ?"

"ಸುಮ್ನೆ."

ಸುಮ್ಮನೆ ಅನ್ನುವುದು ಈ ಮನೆಯಲ್ಲಿ ಎಲ್ಲ ಬಾಗಿಲಿಗೂ ಹಾಕುವ ಚಿಲಕ. ನಿನ್ನೆ ರಾತ್ರಿ ಗಂಡ, ಯಾಕೆ ಹೀಗೆ ಕೂತಿದ್ದೀಯ ಎಂದು ಕೇಳಿದಾಗ ಅವಳೂ ಮೊದಲು ಸುಮ್ನೆ ಅಂದಿದ್ದಳು. ಆಮೇಲೆ ಚಿಲಕ ತೆಗೆದು ಬೈಕು ಬಿದ್ದದ್ದನ್ನೆಲ್ಲ ಹೇಳಿದ್ದಳು, ಕೊನೆಗೆ ತಪ್ಪು ಮಗಳದು ಎಂಬ ಮಾತನ್ನೂ ಸೇರಿಸಿದ್ದಳು. ಈಗ ಗಂಡ ಬಾಗಿಲ ಹತ್ತಿರ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಲಿಫ್ಟು ರಿಪೇರಿಯವನ ಬೂಟು, ತುದಿಯಲ್ಲಿ ಕಬ್ಬಿಣವಿದ್ದು ಭಾರ. ಇವತ್ತು ಮಗಳನ್ನು ಅವನೇ ಬಸ್ಸಿನಲ್ಲಿ ಶಾಲೆಗೆ ಬಿಡುವುದು ಎಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು.

"ಬೈಕಿನ ವಿಷಯ ಸಂಜೆ ಮಾತಾಡೋಣ," ಅಂದ ಅವನು, ದಾರದ ಗಂಟಿಗೆ ಹೇಳುವವನ ಹಾಗೆ. "ಕೊಟ್ಟುಬಿಡು ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ಹಿಂದೆ ಕೂತವಳು ಹೀಗೆ ತಪ್ಪು ತಪ್ಪು ಹೇಳೋದಾದ್ರೆ…"

ಮಗಳ ಚಮಚ ಗಾಳಿಯಲ್ಲಿ ನಿಂತಿತು. ಹಾಲು ಉಕ್ಕಿತು. ಅವಳು ಒಲೆಯ ಕಡೆ ತಿರುಗಿದಳು. ತಿರುಗಲು ಏನೋ ಒಂದು ಸಿಕ್ಕಿದ್ದಕ್ಕೆ ಒಳಗೊಳಗೇ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ರಸ್ತೆಗಿಳಿದಾಗ ಹಿಂದಿನ ಸೀಟು ಖಾಲಿ. ಬೈಕು ಹಗುರವಾಗಿತ್ತು, ಅದೇ ಕಾರಣಕ್ಕೆ ಮಾತು ಕೇಳುತ್ತಿರಲಿಲ್ಲ. ಎಡಗಡೆಯ ಕನ್ನಡಿಯ ಜಾಗದಲ್ಲಿ ಮುರಿದ ಕಡ್ಡಿ ಮಾತ್ರ ಉಳಿದಿತ್ತು. ಈ ದೇಶಕ್ಕೆ ಬಂದ ಮೊದಲ ತಿಂಗಳು ರಸ್ತೆ ದಾಟುವಾಗಲೆಲ್ಲ ಅವಳ ಕತ್ತು ತಪ್ಪು ಕಡೆಗೇ ತಿರುಗುತ್ತಿತ್ತು. ಹುಟ್ಟಿದಾಗಿನಿಂದ ಎಡಗಡೆಗೆ ಹೋಗು ಎಂದು ಕಲಿತ ಮೈಗೆ ಇಲ್ಲಿ ಎಲ್ಲವೂ ಬಲಗಡೆ. ಬಸ್ಸಿನ ಬಾಗಿಲು ಆ ಪಕ್ಕ, ಡ್ರೈವರು ಈ ಪಕ್ಕ, ವೃತ್ತ ಸುತ್ತುವುದೂ ಉಲ್ಟಾ. ಎಡ ಬಲ ಎಂಬ ಎರಡು ಮಾತುಗಳೇ ಅವಳ ತಲೆಯಲ್ಲಿ ಒಂದರ ಅಂಗಿ ಒಂದು ಹಾಕಿಕೊಂಡು ಓಡಾಡತೊಡಗಿದವು. ಎಡ ಅನ್ನಬೇಕಾದಲ್ಲಿ ಬಲ ಅನ್ನುವಳು, ಬಲ ಎಂದು ಕೇಳಿಸಿಕೊಂಡು ಒಂದು ಕ್ಷಣ ನಿಂತು ಯೋಚಿಸುವಳು. ಆ ಒಂದು ಕ್ಷಣದಲ್ಲಿ ಸುತ್ತ ನಲವತ್ತು ಬೈಕು ಹಾದುಹೋಗಿರುತ್ತಿದ್ದವು. ಸಿಗ್ನಲ್ಲಿನಲ್ಲಿ ಅವು ಎಲ್ಲಿಂದಲೋ ಸುರಿದು ತುಂಬಿಕೊಳ್ಳುತ್ತಿದ್ದವು, ಮೊಣಕೈಗೆ ಮೊಣಕೈ ತಾಗುವಷ್ಟು. ಗ್ಯಾಸ್ ಸಿಲಿಂಡರ್ ಹೊತ್ತವನು, ನಿಲುವುಗನ್ನಡಿ ಹೊತ್ತವನು, ಮೂರು ಮಕ್ಕಳನ್ನು ಪೇರಿಸಿಕೊಂಡ ತಂದೆ. ಹಸಿರು ಬಿದ್ದರೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಹಾಗೆ ಹೊರಡುತ್ತಿದ್ದರು. ಅವಳೊಬ್ಬಳೇ ಉಸಿರು ಹಿಡಿದಿರುತ್ತಿದ್ದಳು. ಕತ್ತು ತಿರುಗಿಸಿ ಹಿಂದೆ ನೋಡಿದರೆ ಹ್ಯಾಂಡಲೂ ಕತ್ತಿನ ಜೊತೆ ತಿರುಗುತ್ತಿತ್ತು. ಅದಕ್ಕೇ ಮಗಳಿಗೆ ಹೇಳಿದ್ದಳು: ನೀನು ಹಿಂದೆ ನೋಡ್ತಿರು, ದೊಡ್ಡ ಗಾಡಿ ಬಂದ್ರೆ ಹೇಳು. ಎಡ ಬಲ ಅನ್ನಬೇಡ, ನಂಗೆ ಗೊಂದಲ ಆಗುತ್ತೆ. ಊಟದ ಕೈ ಕಡೆ ಅನ್ನು, ಇನ್ನೊಂದು ಕಡೆ ಆದ್ರೆ ಆ ಕೈ ಕಡೆ ಅನ್ನು. ಹೇಳ್ತಾ ಆ ಕಡೆ ಭುಜ ತಟ್ಟು. ಊಟದ ಕೈ ಎಂಬುದು ಅವಳ ಅಮ್ಮ ಅವಳಿಗೆ ಬಲಗೈ ಗುರುತು ಹೇಳಿಕೊಟ್ಟ ಮಾತು. ಅದನ್ನು ಹೇಳುತ್ತಿದ್ದ ಹಾಗೆ ಬೆರಳುಗಳಲ್ಲೇ ಬಲಗಡೆ ಎದ್ದು ಬರುತ್ತಿತ್ತು, ತಲೆಯವರೆಗೆ ಹೋಗುವ ಅಗತ್ಯವೇ ಇರಲಿಲ್ಲ.

ಎರಡು ತಿಂಗಳು ಹಾಗೇ ನಡೆಯಿತು. ಪುಟ್ಟ ಅಂಗೈ ಭುಜಕ್ಕೆ ಬೀಳುವುದು, ಅವಳು ಇನ್ನೊಂದು ಕಡೆಗೆ ಸರಿಯುವುದು. ಬೈಕ್ ಇಲ್ಲದಿದ್ದರೆ ಶಾಲೆ ಬಿಟ್ಟ ಮೇಲೆ, ಅಮ್ಮ ಬಸ್ಸು ಹಿಡಿದು ಬರುವವರೆಗೆ, ಮಗು ಒಂದೂವರೆ ಗಂಟೆ ಶಾಲೆಯ ಹಜಾರದಲ್ಲಿ, ಮಡಚಿಟ್ಟ ಕುರ್ಚಿಗಳ ಪಕ್ಕ, ಕಾಯುತ್ತ ಕೂರಬೇಕು. ಬೈಕ್ ಇದ್ದರೆ ಇಪ್ಪತ್ತು ನಿಮಿಷದಲ್ಲಿ ಇಬ್ಬರೂ ಮನೆಯಲ್ಲಿ. ನಿನ್ನೆ ಮಗಳ ಎರಡು ಕೈಯಲ್ಲೂ ರಟ್ಟಿನ ದೀಪಸ್ತಂಭ ಇತ್ತು, ಶಾಲೆಯಲ್ಲಿ ಮೂರು ದಿನ ಕೂತು ಅಂಟಿಸಿದ್ದು. ಅದನ್ನು ಇಬ್ಬರ ನಡುವೆ ಒತ್ತಿ ಹಿಡಿದುಕೊಂಡೇ ಕೂತಿದ್ದಳು, ತಾಯಿಯೂ ಹೂಂ ಅಂದಿದ್ದಳು, ಹೂಂ ಅನ್ನಬಾರದಿತ್ತು. ವೃತ್ತದ ಹತ್ತಿರ ಹಿಂದೆ ಹಾರ್ನು. ಯಾವ ಕಡೆ? ಎಂದು ಕೂಗಿದಳು. ಊಟದ ಕೈ, ಅಮ್ಮಾ, ಬಸ್ಸು! ಎಂದಿತು ಮಗು. ತಟ್ಟಲು ಕೈ ಖಾಲಿ ಇರಲಿಲ್ಲ. ಅವಳು ಬಲಗಡೆಯ ಬಸ್ಸಿಗೆ ಜಾಗ ಕೊಡಲು ಎಡಕ್ಕೆ ಸರಿದಳು; ಬಸ್ಸು ಎಡಗಡೆಯೇ ಇತ್ತು, ಗೋಡೆಯೊಂದು ಎದ್ದು ನಡೆದು ಬಂದ ಹಾಗೆ. ಬ್ರೇಕಿನ ಸದ್ದು, ಕನ್ನಡಿ ಕಿತ್ತ ಸದ್ದು. ಬೈಕು ಬಲಕ್ಕೆ ಮಗುಚಿತು. ಬಸ್ಸಿನ ಟೈರಿನಡಿಯಲ್ಲಿ ರಟ್ಟು ಚಪ್ಪಟೆಯಾಯಿತು. ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬೈದದ್ದು ಅವಳಿಗೆ ಅರ್ಧವೇ ಅರ್ಥವಾಯಿತು. ಅರ್ಥವಾಗದ ಅರ್ಧವೇ ಹೆಚ್ಚು ಉರಿಯಿತು. ಅಷ್ಟು ಜನರ ನಡುವೆ, ಹೆಲ್ಮೆಟ್ ವಾರೆಯಾಗಿ, ಮೊಣಕಾಲಿನಲ್ಲಿ ರಕ್ತ ಇಟ್ಟುಕೊಂಡು ನಿಂತಿದ್ದ ಮಗುವಿನ ತೋಳು ಹಿಡಿದು ಅಲುಗಾಡಿಸಿದ್ದಳು: ಕಣ್ಣೆಲ್ಲಿತ್ತು ನಿಂದು? ಒಂದೇ ಒಂದು ಕೆಲಸ ಹೇಳಿದ್ರೆ ಅದೂ ಆಗಲ್ವಾ ನಿನ್ನ ಕೈಲಿ? ಮಗಳು ಅಳಲಿಲ್ಲ. ಸಾರಿ ಅಮ್ಮ, ಅಂದಳು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿ, ಕೊನೆಗೆ ಆ ಮಾತು: ಇವಳು ತಪ್ಪು ಕಡೆ ಹೇಳಿದ್ಲು ರೀ, ಇಲ್ಲಾಂದ್ರೆ ಹೀಗಾಗ್ತಿರ್ಲಿಲ್ಲ. ಹೇಳಿ ಅತ್ತಿದ್ದಳು. ಗಂಡ ಅವಳ ಬೆನ್ನು ಸವರಿದ್ದ. ಮಗಳ ಬೆನ್ನನ್ನು ಯಾರೂ ಸವರಲಿಲ್ಲ ಎಂಬುದು ಈಗ, ಈ ಸಿಗ್ನಲ್ಲಿನ ಕೆಂಪು ದೀಪದಲ್ಲಿ, ನೆನಪಿಗೆ ಬಂತು.

ಬೈಕನ್ನು ಕೆಲಸದ ಜಾಗದ ಪಕ್ಕದ ಮೆಕ್ಯಾನಿಕ್ಕಿಗೆ ಬಿಟ್ಟು, ಸಂಜೆಗೆ ಬರುತ್ತೇನೆಂದು ಹೇಳಿ ಮೆಟ್ಟಿಲು ಹತ್ತಿದಳು. ಮೂರನೆಯ ಮಹಡಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಕಾರ್ಖಾನೆ; ಕಾರ್ಖಾನೆ ಎಂದರೆ ಎರಡು ಕೋಣೆ, ಐದು ಮೇಜು, ಎಲ್ಲೆಡೆ ಸುಣ್ಣದಂಥ ಬಿಳಿ ಪುಡಿ. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಬಂದ ಹೊಸದರಲ್ಲಿ ಅವೆಲ್ಲ ತನ್ನನ್ನು ನೋಡಿ ಹಲ್ಲು ಕಿರಿಯುತ್ತಿವೆ ಅನ್ನಿಸುತ್ತಿತ್ತು; ಈಗ ಒಂದೊಂದೂ ಯಾರದೋ ಬಾಯಿ, ಆ ಬಾಯಿಗೆ ಬೇಕಾದದ್ದು ಇಷ್ಟೇ ಎಂದು ಗೊತ್ತು. ಪಕ್ಕದ ಮೇಜಿನಲ್ಲಿ ಮೇಣ ಕರಗಿಸುವ ಹಿರಿಯಳು ಆಗಲೇ ದೀಪ ಹಚ್ಚಿದ್ದಳು. ಮೂವತ್ತು ವರ್ಷದಿಂದ ಬೈಕು ಓಡಿಸುವವಳು, ಮೊಣಕೈಯಲ್ಲಿ ಉದ್ದನೆಯ ಗಾಯದ ಗೆರೆ. ಇವಳ ಮುಖ ನೋಡಿ ಏನೂ ಕೇಳದೆ ತನ್ನ ಫ್ಲಾಸ್ಕಿನ ಚಹಾ ಸುರಿದು ಕೊಟ್ಟಳು. ಇವಳ ಮೇಜಿನ ಮೇಲೆ ಒಂದು ಕೆಳದವಡೆ, ಜೊತೆಗೆ ಡಾಕ್ಟರ ಚೀಟಿ: ಮುಂದಿನ ನಾಲ್ಕು ಹಲ್ಲು ಇಲ್ಲ. ಹೊಸ ಹಲ್ಲಿಗೆ ಆಧಾರವಾಗಿ ತಂತಿಯ ಕೊಂಡಿಯನ್ನು ಬಲಗಡೆಯ ಹಲ್ಲಿಗೆ ಮಾತ್ರ ಹಾಕಿ; ಎಡಗಡೆಯದು ಅಲುಗಾಡುತ್ತಿದೆ. ಇಕ್ಕಳದಲ್ಲಿ ತಂತಿ ಬಗ್ಗಿಸುತ್ತ ಕೂತಳು. ತಂತಿ ಬಗ್ಗಿಸುವಾಗ ಸಾಮಾನ್ಯವಾಗಿ ತಲೆ ಖಾಲಿಯಾಗುತ್ತದೆ. ಇವತ್ತು ತಲೆಯೊಳಗೆ ಗಂಜಿಯ ಚಮಚ ಓಲಾಡುತ್ತಿತ್ತು, ಸಾರಿ ಅಮ್ಮ, ಸಾರಿ ಅಮ್ಮ. ತಂತಿ ಮಾತ್ರ ಹಲ್ಲಿನ ಸೊಂಟಕ್ಕೆ ಚೆನ್ನಾಗಿ ಅಪ್ಪಿ ಕೂತಿತು.

ಯಜಮಾನರು ಹಿಂದಿನಿಂದ ಬಂದು ಅಚ್ಚನ್ನು ಎತ್ತಿ ನೋಡಿದರು. ಚೀಟಿ ನೋಡಿದರು. ಮತ್ತೆ ಅಚ್ಚು.

"ಇದು ಬಲಗಡೆಯಾ?"

"ಬಲಗಡೆನೇ ಸರ್," ಅಂದಳು, ತನ್ನ ಬಲಗೈಯ ಕಡೆ ತೋರಿಸಿ.

"ಯಾರ ಬಲ?"

ಮೇಣದ ಹಿರಿಯಳು ತನ್ನ ದೀಪ ಸಣ್ಣ ಮಾಡಿದಳು.

"ನಿಮ್ಮ ಬಲ ಕಟ್ಟಿಕೊಂಡು ಈ ರೋಗಿ ಏನಮ್ಮ ಮಾಡ್ತಾನೆ?" ಅಂದರು ಯಜಮಾನರು. "ಅವನು ನಿಮ್ಮ ಎದುರು ಕೂತಿದಾನೆ. ಬಾಯಿ ಅವನದು. ಬಲ ಅವನದು. ಅಲುಗಾಡೋ ಹಲ್ಲಿಗೆ ತಂತಿ ಸಿಕ್ಕಿಸಿದೀರಿ, ಮೊದಲನೇ ತುತ್ತಿಗೇ ಹಲ್ಲು ಕಿತ್ತು ಕೈಗೆ ಬರ್ತಿತ್ತು. ಹೋದ ತಿಂಗಳು ಹೊಸಬಳಿಗೆ ಇದನ್ನ ಹೇಳಿಕೊಟ್ಟವರು ನೀವೇ ಅಲ್ವಾ?"

ಹೌದು, ಅವಳೇ. ಬಾಯಿಯ ಬಲ ಅಂತ ಯೋಚಿಸು, ನಿನ್ನ ಬಲ ಮರೆತುಬಿಡು ಎಂದು ಅದೇ ಮೇಜಿನಲ್ಲಿ ಕೂರಿಸಿಕೊಂಡು ಹೇಳಿದ್ದಳು. ಕಿವಿ ಬಿಸಿಯಾಯಿತು. ಯಜಮಾನರು ಅಚ್ಚನ್ನು ಮುಂದಿಟ್ಟು ಹೋದರು. ಅವಳು ತಂತಿ ಬಿಚ್ಚಲು ಇಕ್ಕಳ ಎತ್ತಿಕೊಂಡಳು. ಯಾರ ಬಲ. ಎದುರು ಕೂತವನ ಬಲ. ಹಿಂದೆ ಕೂತವಳ… ಹಿಂದೆ ಕೂತವಳದು ತನ್ನ ಹಾಗೇ ಮುಂದೆ ನೋಡುವ ಮೈ, ಅವಳ ಎಡ ಬಲ ತನ್ನ ಎಡ ಬಲವೇ. ಆದರೆ ಎಡ ಬಲ ಎಂದು ತಾನು ಹೇಳಿಕೊಟ್ಟಿರಲಿಲ್ಲ. ಊಟದ ಕೈ ಎಂದು ಹೇಳಿಕೊಟ್ಟಿದ್ದಳು. ಯಾರ ಊಟದ ಕೈ?

ಇಕ್ಕಳ ಮೇಜಿನ ಮೇಲೆ ಬಿತ್ತು. ಮಗಳು ಹುಟ್ಟಾ ಎಡಚಿ. ಮಗಳ ಊಟದ ಕೈ ಎಡಗೈ. ಆ ಎಡಗೈಗಾಗಿ ಇವಳು ಅತ್ತೆಯನ್ನೇ ಎದುರು ಹಾಕಿಕೊಂಡಿದ್ದಳು! ಅತ್ತೆ ಮೊಮ್ಮಗಳ ಎಡಗೈಯಿಂದ ತುತ್ತು ಬಿಡಿಸಿ ಬಲಗೈಗೆ ದಾಟಿಸುವರು, ಮಗು ಅದನ್ನು ಮತ್ತೆ ಎಡಗೈಗೆ ದಾಟಿಸಿಕೊಳ್ಳುವುದು, ತುತ್ತು ಬಾಯಿ ಸೇರುವುದರೊಳಗೆ ತಣ್ಣಗಾಗುವುದು. ಯಾವತ್ತೂ ಎದುರು ಮಾತಾಡದವಳು ಒಂದು ದಿನ, ಕೈ ಅವಳದು, ಹೊಟ್ಟೆ ಅವಳದು, ಬಿಟ್ಟುಬಿಡಿ ಅತ್ತೆ, ಅಂದುಬಿಟ್ಟಿದ್ದಳು. ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು. ಇಲ್ಲಿಗೆ ಬಂದ ಮೇಲೆ ಯಾವ ಕೈ ಎಂದು ನೋಡುವವರೇ ಇರಲಿಲ್ಲ, ಅವಳಿಗೂ ಅದು ಲೆಕ್ಕಕ್ಕೇ ಬಾರದಷ್ಟು ರೂಢಿಯಾಗಿಹೋಗಿತ್ತು. ಇಷ್ಟು ದಿನ ಕಾಪಾಡಿದ್ದು ಮಾತಲ್ಲ, ಭುಜಕ್ಕೆ ಬೀಳುತ್ತಿದ್ದ ಆ ಅಂಗೈ. ಕಿವಿಗೆ ಬಿದ್ದ ಮಾತನ್ನು ಅವಳ ಮೈ ಒಂದು ದಿನವೂ ಲೆಕ್ಕಕ್ಕಿಟ್ಟಿರಲಿಲ್ಲ. ನಿನ್ನೆ ಮಾತು ಒಂದೇ ಬಂತು. ಮಗು ಸರಿಯಾಗಿಯೇ ಹೇಳಿತ್ತು. ಆಮೇಲೆ ಇವತ್ತಿನ ಬೆಳಗು ಬೇರೆ ರೂಪ ಹೊತ್ತು ಎದುರಿಗೆ ಬಂತು: ಬಲಗೈಯಲ್ಲಿ ಚಮಚ, ಚೆಲ್ಲುವ ಗಂಜಿ, ಸುಮ್ನೆ. ಮಗಳಿಗೆ ಆಗಲೇ ಅರ್ಥವಾಗಿದೆ. ಅರ್ಥವಾಗಿ, ಅಮ್ಮನ ಮಾತು ಸರಿಹೋಗಲಿ ಎಂದು ತನ್ನ ಕೈಯನ್ನೇ ಬದಲಾಯಿಸಿಕೊಳ್ಳಲು ಹೊರಟಿದ್ದಾಳೆ. ಅತ್ತೆಯಿಂದ ಆಗದ್ದನ್ನು ಅಮ್ಮ ಒಂದು ಸಂಜೆಯಲ್ಲಿ ಮಾಡಿ ಮುಗಿಸಿದ್ದಾಳೆ.

ಫೋನು ಹಿಡಿದು ಮೆಟ್ಟಿಲ ಹತ್ತಿರ ಓಡಿದಳು.

"ರೀ, ತಪ್ಪು ಅವಳದಲ್ಲ."

"ಯಾವ್ದಲ್ಲ?" ಗಂಡನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ನಿನ್ನೇದು. ತಪ್ಪು ಅವಳದಲ್ಲ, ನಂದು."

"ಏನು ನಿಂದು? ಜೋರಾಗಿ ಹೇಳು, ಲಿಫ್ಟಿನ ಗುಂಡಿಯೊಳಗಿದೀನಿ."

"ತಪ್ಪು! ನಂದು!"

ಬಾಗಿಲು ತೆರೆದು ಯಜಮಾನರು ಇಣುಕಿದರು. ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಆ ದನಿಯಲ್ಲಿ ಯಾವ ಭಾಷೆಯಲ್ಲಿ ಕೂಗಿದರೂ ಅರ್ಥ ಒಂದೇ. ಮೆಲ್ಲಗೆ ಬಾಗಿಲು ಹಾಕಿಕೊಂಡರು. ಅವಳು ಎಲ್ಲ ಹೇಳಿದಳು, ಚಮಚದವರೆಗೆ. ಆ ಕಡೆ ಯಾವುದೋ ಮೋಟಾರು ಗುಂಯ್‌ಗುಟ್ಟಿ ನಿಂತಿತು.

"ಅಂದ್ರೆ ಅವಳು ಸರಿಯಾಗೇ ಹೇಳಿದ್ಲು."

"ಹೂಂ."

"ನೀನು ಸರಿಯಾಗೇ ಕೇಳಿಸ್ಕೊಂಡೆ."

"ಹೂಂ."

"ಆದ್ರೂ ಇಬ್ರೂ ಸೇರಿ ಬಸ್ಸಿಗೆ ಗುದ್ದಿದ್ರಿ."

ಅವಳಿಂದ ಒಂದು ಸದ್ದು ಹೊರಟಿತು.

"ಅಳ್ತಿದೀಯಾ, ನಗ್ತಿದೀಯಾ?"

"ಗೊತ್ತಾಗ್ತಿಲ್ಲ ರೀ."

"ಸದ್ಯ, ನನ್ನ ಕೆಲಸದಲ್ಲಿ ಎಡ ಬಲ ಇಲ್ಲ. ಮೇಲೆ, ಕೆಳಗೆ, ಅಷ್ಟೇ." ಆಮೇಲೆ ದನಿ ತಗ್ಗಿಸಿ, "ಬೆಳಿಗ್ಗೆ ನಾನೂ ಬಾಯಿಗೆ ಬಂದದ್ದು ಅಂದೆ. ನೀನು ಅವಳಿಗೆ ಹೇಳು. ಬೈಕಿನ ವಿಷಯ ನೀನೂ ಬೇಡ ನಾನೂ ಬೇಡ, ಹತ್ತಬೇಕೋ ಬೇಡ್ವೋ ಅವಳೇ ಹೇಳ್ಲಿ," ಅಂದ.

ವಾಪಸು ಬಂದಾಗ ಮೇಣದ ಹಿರಿಯಳು ಬಿದ್ದ ಇಕ್ಕಳವನ್ನು ಎತ್ತಿ ಒರೆಸಿ ಇಟ್ಟಿದ್ದಳು. ಇವಳು ತಂತಿ ಬಿಚ್ಚಿ, ಆ ಎದುರು ಕೂತವನ ಬಲಗಡೆಗೆ ಹೊಸದಾಗಿ ಬಗ್ಗಿಸಿದಳು. ಸಂಜೆ ಮೆಕ್ಯಾನಿಕ್ಕು ಹೊಸ ಕನ್ನಡಿ ಹಾಕಿ, ಕೂತು ನೋಡಿ ಅಂದ. ಕೂತಳು. ಬಲಗಡೆಯ ಹಳೇ ಕನ್ನಡಿಯೊಳಗೆ ಹೆಲ್ಮೆಟ್ಟಿನ ಪಟ್ಟಿ, ಅದರ ಕೆಳಗೆ ಅವಳದೇ ಗಲ್ಲ.

"ಇಷ್ಟು ದಿನ ಇದರಲ್ಲಿ ಏನು ನೋಡ್ತಿದ್ರಿ?"

"ಏನೂ ಇಲ್ಲ," ಅಂದಳು. ಅದು ನಿಜ.

"ನಿಮ್ಮ ಗಲ್ಲದ ಮೇಲೆ ಬಸ್ಸು ಬರಲ್ಲ," ಎಂದು ಅವನು ಹೆಬ್ಬೆರಳಿನಿಂದ ಕನ್ನಡಿ ಹೊರಗೆ ತಳ್ಳಿದ. ರಸ್ತೆ ಇಡಿಯಾಗಿ ಒಳಗೆ ಬಂತು: ಸೈಕಲ್ಲು, ವ್ಯಾನು, ದೂರದಲ್ಲಿ ಬೆಳೆಯುತ್ತ ಬರುವ ಒಂದು ಬಸ್ಸು. ಇದೆಲ್ಲ ಇಲ್ಲೇ ಇತ್ತು. ಇಲ್ಲಿ ನೋಡಲು ಹೆದರಿ ತಾನು ಒಂಬತ್ತು ವರ್ಷದ ಎರಡು ಕಣ್ಣುಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದಳು. ಶಾಲೆಯವರೆಗೆ ತುಂಬ ನಿಧಾನವಾಗಿ ಬಂದಳು. ಹತ್ತು ಎಣಿಸುವಷ್ಟರಲ್ಲಿ ಒಂದು ಸಲ ಎಡ ಕನ್ನಡಿ, ಒಂದು ಸಲ ಬಲ. ಹಿಂದಿನವರು ಹಾರ್ನು ಹೊಡೆದರು, ಹೊಡೆಯಲಿ.

ಹಜಾರದಲ್ಲಿ ಟೀಚರು ಒಂದು ನೋಟ್‌ಬುಕ್ ತೋರಿಸಿದರು. ಪುಟದ ತುಂಬ ಅಕ್ಷರಗಳು ಗಾಳಿಗೆ ಬಾಗಿದ ಹುಲ್ಲಿನ ಹಾಗಿದ್ದವು. "ಇವತ್ತೆಲ್ಲ ಬಲಗೈಲೇ ಬರೆದಿದಾಳೆ. ಬೇಡ ಅಂದ್ರೂ ಕೇಳ್ಲಿಲ್ಲ. ಮನೇಲಿ ಏನಾದ್ರೂ ಹೇಳಿದೀರಾ?" ಎಂದರು. ಮಗಳು ಮಡಚಿಟ್ಟ ಕುರ್ಚಿಗಳ ಪಕ್ಕ ಕೂತು ಬಲಗೈ ಬೆರಳುಗಳನ್ನು ನೀವಿಕೊಳ್ಳುತ್ತಿದ್ದಳು. ಅವಳು ಹೋಗಿ ನೆಲದ ಮೇಲೆಯೇ ಕೂತಳು.

"ಯಾಕೆ ಪುಟ್ಟ ಈ ಕೈಲಿ ಬರೆದೆ?"

"ಅಭ್ಯಾಸ ಆಗ್ಲಿ ಅಂತ."

"ಅಭ್ಯಾಸ ಆದ್ರೆ?"

"ಆಮೇಲೆ ನಾನು ಊಟದ ಕೈ ಅಂದ್ರೆ ನಿಂಗೆ ಸರಿಯಾಗಿ ಗೊತ್ತಾಗತ್ತೆ." ಸಾಬೂನು ಮುಗಿದಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ರಾತ್ರಿನೇ. ನೀನು ಅಪ್ಪಂಗೆ ಹೇಳ್ತಿದ್ದೆಯಲ್ಲ, ಇವಳು ತಪ್ಪು ಹೇಳಿದ್ಲು ಅಂತ. ಆಗ ನನ್ನ ಕೈ ನೋಡ್ಕೊಂಡೆ."

"ನಂಗೆ ಹೇಳ್ಬಾರ್ದಿತ್ತಾ?"

"ನೀನು ಅಳ್ತಿದ್ದೆ."

ಅವಳು ಮಗಳ ಎಡಗೈಯನ್ನು ತನ್ನೆರಡು ಕೈಯಲ್ಲಿ ತೆಗೆದುಕೊಂಡಳು. ನಡುಬೆರಳಿನ ಪಕ್ಕ ಪೆನ್ಸಿಲು ಒತ್ತಿ ಒತ್ತಿ ಎದ್ದ ಸಣ್ಣ ಗಂಟು. "ನಿಂದು ಏನೂ ತಪ್ಪಿರ್ಲಿಲ್ಲ. ನೀನು ಹೇಳಿದ್ದು ಸರಿ. ನಿನ್ನ ಊಟದ ಕೈ ಇದು. ನಾಳೆನೂ ಇದೇ, ನೀನು ಅಜ್ಜಿ ಆದ್ರೂ ಇದೇ. ಮರೆತವಳು ನಾನು. ರಸ್ತೇಲಿ ಅಷ್ಟು ಜನರ ಮುಂದೆ ಬೈದೆನಲ್ಲ, ಅದೂ ನನ್ನ ತಪ್ಪು. ಅಪ್ಪಂಗೂ ಹೇಳಿದೀನಿ."

"ಅಪ್ಪ ಏನಂದ್ರು?"

"ಮೊದಲು ಕೇಳಿಸ್ಲೇ ಇಲ್ಲ. ಗುಂಡಿಯೊಳಗಿದ್ರು. ಮೂರು ಸಲ ಕೂಗಿದೆ, ತಪ್ಪು ನಂದು, ತಪ್ಪು ನಂದು ಅಂತ. ನಮ್ಮ ಯಜಮಾನರು ಬಂದು ನೋಡಿ ಓಡಿಹೋದ್ರು."

ಮಗಳ ಬಾಯಿ ಒಂದು ಮೂಲೆಯಲ್ಲಿ ಮಾತ್ರ ನಕ್ಕಿತು. ಇನ್ನೊಂದು ಮೂಲೆ ಇನ್ನೂ ಯೋಚಿಸುತ್ತಿತ್ತು.

"ಬಸ್ಸಲ್ಲಿ ಹೋಗೋಣ ಅಂದ್ರೆ ಬಸ್ಸಲ್ಲೇ ಹೋಗೋಣ," ಅಂದಳು ಅವಳು. "ಇವತ್ತೂ ಸರಿ, ನಾಳೆನೂ ಸರಿ. ನೀನು ಹೇಳಿದ ಹಾಗೆ."

"ಬೈಕು?"

"ಇಲ್ಲೇ ಇರ್ಲಿ."

ಮಗಳು ಚೀಲ ಹೆಗಲಿಗೇರಿಸಿ ಗೇಟಿನವರೆಗೆ ನಡೆದಳು. ಬೈಕಿನ ಹತ್ತಿರ ನಿಂತು ಹೊಸ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡಳು. ಆಮೇಲೆ, "ತಳ್ಳಿಕೊಂಡು ಹೋಗೋಣ," ಅಂದಳು. ಸರಿ ಎಂದು ತಳ್ಳಿದಳು. ಕಾಲುದಾರಿಯ ಅಂಚಿನಲ್ಲಿ ತಾಯಿ ಹ್ಯಾಂಡಲು ಹಿಡಿದು, ಮಗಳು ಹಿಂದಿನ ಸೀಟಿಗೆ ಕೈ ಕೊಟ್ಟು, ಎರಡು ಬೀದಿ ದಾಟಿದರು. ಪೆಟ್ರೋಲ್ ಮುಗಿಯಿತಾ ಎಂದು ದಾರಿಹೋಕನೊಬ್ಬ ಕೇಳಿದ. ಇಲ್ಲ ಅಂದಳು. ಹಾಳಾಯಿತಾ? ಇಲ್ಲ. ಅವನು ತಲೆ ಕೆರೆದುಕೊಂಡು ಹೋದ. ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಮನೆಯವರೆಗೂ ಹೀಗೇ ತಳ್ಳಬೇಕಾದರೆ ತಳ್ಳುತ್ತೇನೆ ಎಂದು ಹಲ್ಲು ಕಚ್ಚಿದಳು. ಎಷ್ಟೋ ದಿನದಿಂದ ಇಷ್ಟು ಖಚಿತವಾಗಿ ಅವಳಿಗೆ ಏನೂ ಅನ್ನಿಸಿರಲಿಲ್ಲ.

ಮೂರನೆಯ ಬೀದಿಯ ತಿರುವಿನಲ್ಲಿ ಹಿಂದಿನಿಂದ ದನಿ ಬಂತು. "ಹತ್ತಿದ್ರೆ ಹಿಂದೆ ನೋಡ್ತಾನೇ ಇರ್ಬೇಕಾ?"

"ಬೇಡ. ಅದು ನಿನ್ನ ಕೆಲಸ ಅಲ್ಲ. ನಾನು ನೋಡ್ತೀನಿ."

"ಬಸ್ಸು ಬಂದ್ರೆ?"

"ನಾನು ನೋಡ್ತೀನಿ."

"ನಂಗೆ ಕಂಡ್ರೂ ಹೇಳ್ಬಾರ್ದಾ?"

"ನನ್ನನ್ನ ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊ, ಸಾಕು."

ಮಗಳು ಹೆಲ್ಮೆಟ್ ಹಾಕಿಕೊಂಡಳು, ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಎರಡು ತೋಳುಗಳು ಸೊಂಟ ಬಳಸಿ ಹೊಟ್ಟೆಯ ಮುಂದೆ ಗಂಟು ಹಾಕಿಕೊಂಡವು. ಅವಳು ಬಲ ಕನ್ನಡಿ ನೋಡಿದಳು, ಎಡ ಕನ್ನಡಿ ನೋಡಿದಳು, ಕತ್ತು ತಿರುಗಿಸಿ ಕಣ್ಣಿನಿಂದಲೂ ಒಂದು ಸಲ ನೋಡಿದಳು; ಹ್ಯಾಂಡಲು ಅಲುಗಿತು, ಆದರೆ ತಿರುಗಲಿಲ್ಲ. ಹೊರಟಳು. ಇನ್ನೂರು ಮೀಟರು ಮಗಳು ಕಲ್ಲಿನ ಹಾಗಿದ್ದಳು. ಆಮೇಲೆ ತೋಳಿನ ಗಂಟು ಕೊಂಚ ಸಡಿಲವಾಯಿತು. ಆಮೇಲೆ ಮಾತು ಶುರುವಾಯಿತು. ಎರಡು ತಿಂಗಳಲ್ಲಿ ಬೈಕಿನ ಮೇಲೆ ಮಗಳು ಬಸ್ಸು, ವ್ಯಾನು, ಊಟದ ಕೈ, ಆ ಕೈ ಬಿಟ್ಟು ಬೇರೆ ಮಾತು ಆಡಿರಲಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಈಗ ಯಾರೋ ಗೆಳತಿ ಕಂಪಾಸ್ ಪೆಟ್ಟಿಗೆಯಲ್ಲಿ ಬಸವನಹುಳ ತಂದಿದ್ದಳಂತೆ, ಅದು ರಬ್ಬರಿನ ಮೇಲೆ ಹತ್ತಿ ಕೂತಿತ್ತಂತೆ, ಟೀಚರು ರಬ್ಬರು ಕೇಳಿದರಂತೆ. ಗಾಳಿ ಅರ್ಧ ಮಾತನ್ನು ಹೊತ್ತುಕೊಂಡು ಹೋಗುತ್ತಿತ್ತು. ಅವಳು ಹೂಂ ಅನ್ನುತ್ತಿದ್ದಳು, ವೃತ್ತ ಹತ್ತಿರ ಬಂತು, ಎಡ ಕನ್ನಡಿಯಲ್ಲಿ ಒಂದು ಬಸ್ಸು ಹುಟ್ಟಿ ದೊಡ್ಡದಾಗತೊಡಗಿತು. ಅವಳು ವೇಗ ತಗ್ಗಿಸಿ ಬಲ ಅಂಚಿಗೆ ಒತ್ತಿಕೊಂಡಳು. ಬಸ್ಸು ಉದ್ದಕ್ಕೆ, ಕಿಟಕಿ ಕಿಟಕಿಯಾಗಿ, ತನ್ನ ಪಾಡಿಗೆ ದಾಟಿಹೋಯಿತು.

"ಅಮ್ಮ, ಕೇಳಿಸ್ಕೊಳ್ತಿದೀಯಾ?"

"ಇಲ್ಲ ಕಣೇ. ರಸ್ತೆ ನೋಡ್ತಿದೀನಿ."

ಹಿಂದಿನ ಹೆಲ್ಮೆಟ್ಟು ಅವಳ ಬೆನ್ನಿಗೆ ಒರಗಿತು.

"ಸರಿ, ನೀನು ನೋಡ್ಕೊ. ಮನೆಗೆ ಹೋದ್ಮೇಲೆ ಮೊದಲಿಂದ ಹೇಳ್ತೀನಿ," ಅಂದ ಮಗಳು, ಅಷ್ಟರವರೆಗೆ ತಡೆಯಲಾರದೆ ಮುಂದಿನದನ್ನು ಹೇಳುತ್ತಲೇ ಹೋದಳು.